ಏರಿ ಇಲ್ಲದ ಕೆರೆ

ಚೀಟಿ ಎತ್ತಿದ್ದು ಮೇಡಂ, ಓದಿದ್ದು ನಾನು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ತಪ್ಪಿಗೆ ಚೀಟಿ ನನ್ನ ಕೈಗೆ ಬಂತು. ‘ನಿಕರಾಗುವಾ ದೇಶದ ನೈಸರ್ಗಿಕ ಸರೋವರಗಳು ಮತ್ತು ಅವುಗಳ ಜ್ವಾಲಾಮುಖಿ ಮೂಲ’ ಎಂದು ಓದುವಷ್ಟರಲ್ಲಿ ನನ್ನ ನಾಲಿಗೆ ಎರಡು ಸಲ ತಡವರಿಸಿತು. ತಿಪಟೂರಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಆವತ್ತು ಯಾರೂ ಜೋರಾಗಿ ನಗಲಿಲ್ಲ, ಆದರೆ ಟೀ ಲೋಟಗಳ ಹಿಂದೆ ಎಷ್ಟು ಬಾಯಿ ಅಡಗಿದವು ಎನ್ನುವುದನ್ನು ನಾನು ಕಂಡೆ.

ಸಂಗತಿ ಇಷ್ಟು. ಮೇಡಂ ಎರಡು ವರ್ಷದಿಂದ ತಾತ್ಕಾಲಿಕವಾಗಿ ಭೂಗೋಳ ಪಾಠ ಮಾಡುತ್ತಿದ್ದರು. ಆ ಕೆಲಸ ಕಾಯಂ ಆಗಬೇಕಾದರೆ ಆಡಳಿತ ಮಂಡಳಿಯ ಮುಂದೆ ಒಂದು ಮಾದರಿ ಪಾಠ ಮಾಡಿ ತೋರಿಸಬೇಕು. ಬಾಯಿಪಾಠ ಒಪ್ಪಿಸುವ ಹಾಗಿರಬಾರದೆಂದು ಹೆಡ್ಮಿಸ್ಟ್ರೆಸ್ ಲೈಬ್ರರಿಯ ಹಳೇ ಪುಸ್ತಕಗಳಿಂದ ಪಠ್ಯದಲ್ಲಿಲ್ಲದ ವಿಷಯಗಳನ್ನು ಆರಿಸಿ ಚೀಟಿ ಮಾಡಿದ್ದರು. ಡಬ್ಬಿ ಅಲ್ಲಾಡಿಸಿದವರು ಶಾಲೆಯ ಕಾರ್ಯದರ್ಶಿ. ಊರಲ್ಲಿ ಅವರದು ಕೊಬ್ಬರಿ ಮಂಡಿ. ಕೆಟ್ಟ ಮನುಷ್ಯರಲ್ಲ, ಆದರೆ ಒಂದು ಮಾತು ತಲೆಗೆ ಹೊಕ್ಕರೆ ಅದನ್ನು ಹೊರಗೆ ಎಳೆಯಲು ಜೋಡೆತ್ತು ಬೇಕು.

“ಮೇಡಂ ಪಾಠ ಚೆನ್ನಾಗೇ ಮಾಡ್ತಾರೆ ಕಣ್ರೀ, ನಾನೇನ್ ಇಲ್ಲ ಅನ್ನಲ್ಲ,” ಎಂದರು ನನ್ನನ್ನು ವರಾಂಡಕ್ಕೆ ಕರೆದು. “ಆದ್ರೆ ಭೂಗೋಳ ಅಂದ್ರೆ ಮ್ಯಾಪು. ನೋಡದೇ ಇರೋದನ್ನ ಇನ್ನೊಬ್ರಿಗೆ ಎಂಗ್ರೀ ತೋರಿಸ್ತಾರೆ? ಈ ಪಾಠ ಆಗ್ಲಿಲ್ಲ ಅಂದ್ರೆ ಸಂಗೀತಕ್ಕೆ ಹಾಕನ ಬುಡಿ. ವಾರಕ್ಕೆ ಎಲ್ಡ್ ಪೀರಿಯಡ್ಡು, ಅವರಿಗೂ ಆರಾಮು.”

ಇದನ್ನು ಮೇಡಂ ಕಿವಿಗೆ ಹಾಕಿದೆ. ಅವರು ಬೇಜಾರು ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ರೇಗಿಬಿಟ್ಟರು.

“ಸಂಗೀತ ನಂಗೆ ಬರಲ್ಲ ಸಾರ್! ನಾನು ಹಾಡಿದ್ರೆ ಕುರಿ ಬೆದರ್ತವೆ. ಕಣ್ಣಿಲ್ಲ ಅಂದ ತಕ್ಷಣ ಎಲ್ರೂ ಒಂದು ಹಾರ್ಮೋನಿಯಂ ತಂದು ಮುಂದೆ ಇಡ್ತಾರಲ್ಲ, ಯಾಕೆ?”

ಕುರಿಯ ಮಾತು ಸುಮ್ಮನೆ ಬಂದದ್ದಲ್ಲ. ಹುಳಿಯಾರಿನ ಕಡೆಯ ಒಂದು ಕುರಿಗಾಹಿ ಹಟ್ಟಿಯವರು ಅವರು. ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ದೃಷ್ಟಿ ಹೋಯಿತಂತೆ. ಹೋದ ಮೇಲೂ ಅಪ್ಪನ ಜೊತೆ ಕುರಿ ಹಿಂದೆ ಬೋರನಕಣಿವೆ ಜಲಾಶಯದವರೆಗೂ ನಡೆಯುತ್ತಿದ್ದರಂತೆ. ಎಲ್ಲಿ ಇಳಿಜಾರು, ಎಲ್ಲಿ ಗರಸು, ಎಲ್ಲಿಂದ ನೀರಿನ ತಂಪು ಗಾಳಿ ಬರುತ್ತದೆ, ಎಲ್ಲ ಕಾಲಿಗೂ ಮೂಗಿಗೂ ಗೊತ್ತು. “ನೆಲ ಓದಿದ ಮೇಲೇ ನಾನು ಅಕ್ಷರ ಓದಿದ್ದು,” ಎನ್ನುತ್ತಿದ್ದರು. ಅವರಿಗೆ ಬೇಕಿದ್ದುದು ಭೂಗೋಳ, ಅದೊಂದೇ.

“ಸಾರ್, ನೀವು ಡ್ರಾಯಿಂಗ್ ಮೇಷ್ಟ್ರು. ನಂಗೊಂದು ಮುಟ್ಟೋ ಮ್ಯಾಪ್ ಮಾಡಿಕೊಡ್ತೀರಾ?”

ಮಾಡಿಕೊಡುತ್ತೇನೆ ಎಂದುಬಿಟ್ಟೆ. ನನಗೆ ಅವರ ಮೇಲಿನ ಕನಿಕರಕ್ಕಿಂತ ಕಾರ್ಯದರ್ಶಿಯ ಮೇಲಿನ ಉರಿ ಹೆಚ್ಚಿತ್ತು. ಕೈಯಲ್ಲಿದ್ದದ್ದು ನಾಲ್ಕು ವಾರ.

ಮೊದಲು ವಿಷಯ ತಿಳಿಯಬೇಕಲ್ಲ. ನಾನು ಓದುವುದು, ಅವರು ಕೇಳುವುದು. ನಿಕರಾಗುವಾ ಮಧ್ಯ ಅಮೆರಿಕದ ದೇಶ. ಅಲ್ಲಿ ಕೊಸಿಬೋಲ್ಕ ಎಂಬ ಭಾರಿ ಸರೋವರ. ಅದು ಜ್ವಾಲಾಮುಖಿಯಿಂದ ಆದದ್ದಲ್ಲ, ನೆಲವೇ ಬಿರುಕುಬಿಟ್ಟು ತಗ್ಗಾಗಿ ನೀರು ನಿಂತದ್ದು. ಅದರ ನಡುವೆ ಎರಡು ಜ್ವಾಲಾಮುಖಿ ಎದ್ದು ಒಮೆತೆಪೆ ಎಂಬ ದ್ವೀಪವಾಗಿದೆ. ಆ ಎರಡರಲ್ಲಿ ಒಂದರ ನೆತ್ತಿಯ ಮೇಲೆ ಮತ್ತೆ ಒಂದು ಪುಟ್ಟ ಸರೋವರ. ಅಲ್ಲಿಂದ ಸ್ವಲ್ಪ ದೂರದಲ್ಲಿ ಅಪೊಯೊ. ಅದು ಅಪ್ಪಟ ಜ್ವಾಲಾಮುಖಿಯ ಕೂಸು. ಬೆಟ್ಟದೊಳಗಿನ ಬೆಂಕಿದ್ರವವೆಲ್ಲ ಒಂದೇ ಏಟಿಗೆ ಹೊರಚೆಲ್ಲಿ, ಒಳಗೆ ಟೊಳ್ಳಾಗಿ, ಮೇಲಿನ ಬೆಟ್ಟ ತನ್ನ ಭಾರಕ್ಕೇ ಕುಸಿದು ಗುಂಡನೆಯ ಗುಂಡಿಯಾಯಿತು. ಮಳೆ ಸುರಿದು, ನೆಲದಡಿಯ ನೀರು ಒಸರಿ ತುಂಬಿತು. ಅದಕ್ಕೆ ಬಂದು ಸೇರುವ ಹೊಳೆಯೂ ಇಲ್ಲ, ಹರಿದುಹೋಗುವ ಹೊಳೆಯೂ ಇಲ್ಲ. ಇದನ್ನೆಲ್ಲ ಓದಿದವನು ನಾನೇ, ಫೋನಿನಲ್ಲಿ ಅದರ ವಿಡಿಯೋ ನೋಡಿದವನೂ ನಾನೇ. ಇದನ್ನು ನೆನಪಿಡಿ, ಮುಂದೆ ನನಗೇ ನಾಚಿಕೆಯಾಗುವ ಮಾತು ಬರುತ್ತದೆ.

ಪ್ಲೈವುಡ್ ಹಲಗೆ ತಂದೆ. ಹಳೇ ಪೇಪರು ನೆನೆಸಿ, ರುಬ್ಬಿ, ಮೆಂತ್ಯದ ಹಿಟ್ಟು ಮತ್ತು ಹುಣಸೆಬೀಜದ ಅಂಟು ಬೆರೆಸಿ ಮುದ್ದೆ ಮಾಡಿದೆ. ಬೆಟ್ಟಗಳಿಗೆ ಆ ಮುದ್ದೆ, ಬಯಲಿಗೆ ಉಪ್ಪುಕಾಗದ, ನೀರಿಗೆ ನುಣ್ಣನೆಯ ಪ್ಲಾಸ್ಟಿಕ್ ಹಾಳೆ, ಹೊಳೆಗೆ ತೆಂಗಿನ ನಾರಿನ ಹುರಿ. ಮೇಡಂ ಒಂದೇ ಕಟ್ಟಳೆ ಹಾಕಿದ್ದರು: ಒಂದು ಗುರುತಿಗೂ ಇನ್ನೊಂದಕ್ಕೂ ನಡುವೆ ಬೆರಳ ತುದಿಯಷ್ಟು ಜಾಗ ಇರಲೇಬೇಕು, ಇಲ್ಲದಿದ್ದರೆ ಬೆರಳಿಗೆ ಎಲ್ಲ ಕಲಸುಮೇಲೋಗರ. ಕಣ್ಣಿಗೆ ಚೆಂದ ಕಾಣುವ ಕುಸುರಿ ಕೆಲಸವನ್ನೆಲ್ಲ ಕೆರೆದು ತೆಗೆಯಬೇಕಾಯಿತು. ನನಗೆ ಹೊಟ್ಟೆ ಉರಿಯಿತು, ಆದರೂ ತೆಗೆದೆ. ಹನ್ನೆರಡು ದಿನ, ದಿನವೂ ಶಾಲೆ ಬಿಟ್ಟ ಮೇಲೆ ಡ್ರಾಯಿಂಗ್ ರೂಮಿನಲ್ಲಿ ಕೂತು ಮುಗಿಸಿ, ಒಣಗಿಸಿ, ಮೇಜಿನ ಮೇಲಿಟ್ಟು ಮೇಡಂರನ್ನು ಕರೆದೆ. ಮನಸ್ಸಿನಲ್ಲಿ ಚಪ್ಪಾಳೆಯ ನಿರೀಕ್ಷೆ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಅವರ ಬೆರಳು ದೊಡ್ಡ ಸರೋವರ ಬಳಸಿ, ದ್ವೀಪ ಹತ್ತಿ ಇಳಿದು, ಅಪೊಯೊಗೆ ಬಂದು ನಿಂತವು. ಮತ್ತೆ ಹಿಂದಕ್ಕೆ ಹೋದವು. ಮತ್ತೆ ಬಂದವು.

“ಸಾರ್, ಇಲ್ಲೊಂದು ಗೋಡೆ ಇದೆಯಲ್ಲ, ಉದ್ದಕ್ಕೆ.”

“ಅದು ದಡ.”

“ದಡ ಅಲ್ಲ ಸಾರ್, ಇದು ಏರಿ. ಇಲ್ಲಿ ಮಧ್ಯಕ್ಕೆ ಚಿಕ್ಕದೊಂದು ಗೂಡಿದೆ. ತೂಬು. ಎಡಗಡೆ ಕೊನೇಲಿ ತಗ್ಗಾಗಿದೆ, ಅದು ಕೋಡಿ. ನೀರು ಏರಿ ಹತ್ರ ಆಳ, ಹಿಂದಕ್ಕೆ ಹೋಗ್ತಾ ಹೋಗ್ತಾ ತೆಳ್ಳಗೆ. ಅಯ್ಯೋ ಸಾರ್, ನಿಕರಾಗುವಾಕ್ಕೆ ಹೋಗಿ ಯಾರ್ ಕಟ್ಟಿದ್ರು ಈ ಕೆರೆನಾ?” ಅವರು ಬಿದ್ದು ಬಿದ್ದು ನಕ್ಕರು. ನಗು ನಿಲ್ಲಿಸಿ, “ಇದು ಯಾವೂರ ಕೆರೆ ಸಾರ್?” ಎಂದರು.

ಹಲಗೆಯ ಮೇಲೆ ಬಾಗಿದೆ. ನೋಡುತ್ತೇನೆ, ಅವರು ಹೇಳಿದ್ದಷ್ಟೂ ನಿಜ. ನಮ್ಮ ಸೀಮೆಯಲ್ಲಿ ಕೆರೆ ತಾನಾಗಿ ಇರುವುದಿಲ್ಲ. ಹಳ್ಳಕ್ಕೆ ಅಡ್ಡಲಾಗಿ ಯಾರೋ ಪುಣ್ಯಾತ್ಮರು ಏರಿ ಹಾಕಿರಬೇಕು, ನೀರು ಬಿಡಲು ತೂಬು ಇಟ್ಟಿರಬೇಕು, ಹೆಚ್ಚಾದದ್ದು ಹೋಗಲು ಕೋಡಿ ಬಿಟ್ಟಿರಬೇಕು. ಇವು ಮೂರೂ ಇಲ್ಲದ್ದನ್ನು ನಾವು ಗುಂಡಿ ಅನ್ನುತ್ತೇವೆಯೇ ಹೊರತು ಕೆರೆ ಅನ್ನುವುದಿಲ್ಲ. ಪುಸ್ತಕ ಓದಿದ್ದು ನನ್ನ ತಲೆ. ಮುದ್ದೆ ಒತ್ತಿದ್ದು ನನ್ನ ಕೈ. ಕೈಗೆ ಯಾರೂ ಪುಸ್ತಕ ಓದಿ ಹೇಳಿರಲಿಲ್ಲ.

ತಪ್ಪು ಒಪ್ಪಿಕೊಂಡು ನಾಲಿಗೆ ಕಚ್ಚಿಕೊಳ್ಳಬೇಕಿತ್ತು. ನಾನೋ, ಸಿಟ್ಟು ಮೂಗಿನ ತುದಿಯಲ್ಲೇ ಇಟ್ಟುಕೊಂಡ ಆಸಾಮಿ. “ಅಷ್ಟು ಗೊತ್ತಿದ್ರೆ ನೀವೇ ಮಾಡ್ಕಳಿ!” ಎಂದು ಕೂಗಿ ಬಾಗಿಲು ದೂಡಿ ಹೊರಟುಬಿಟ್ಟೆ. ಹನ್ನೆರಡು ದಿನದ ಕೆಲಸ ನೀರುಪಾಲು, ಅದೂ ನಾನು ಇಟ್ಟ ತೂಬಿನಲ್ಲೇ.

ಮಾರನೆಯ ದಿನ ಭಾನುವಾರ. ತುರುವೇಕೆರೆ ಬಸ್ಸು ಹತ್ತಿ ಊರಿಗೆ ಹೋದೆ. ದಂಡಿನಶಿವರದ ಆಚೆಗೆ ಸಣ್ಣ ಹಳ್ಳಿ ನಮ್ಮದು. ಮನೆಗೂ ಹೋಗದೆ ನೇರ ಕೆರೆ ಏರಿಯ ಮೇಲೆ ನಡೆದೆ. ನಮ್ಮಪ್ಪ ಆ ಕೆರೆಯ ನೀರುಗಂಟಿ. ತೂಬು ಎತ್ತಿ ಇಳಿಸಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನ ಮಾಡುತ್ತಿದ್ದವನು. ತೂಬಿನ ಕಲ್ಲಿನ ಪಕ್ಕ ಹೆಗಲ ಮೇಲೆ ಉದ್ದ ಹಿಡಿಯ ಸನಿಕೆ ಇಟ್ಟುಕೊಂಡು ಅವನು ನಿಂತರೆ ಕೆಳಗಿನ ಬಯಲಿಗೆಲ್ಲ ಕಾಣುತ್ತಿದ್ದ. ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದೆ ನಾನು. “ಬಂದಾ ಕೂಸೆ? ಕೂತ್ಕ, ನೀರು ನೋಡು,” ಎನ್ನುತ್ತಿದ್ದ. ಮುದ್ದೆ ಮುರಿದು ಅರ್ಧ ನನಗೇ ತಿನ್ನಿಸುತ್ತಿದ್ದ. ತೂಬಿನಿಂದ ನೀರು ಕಾಲುವೆಗೆ ನುಗ್ಗುವ ಸದ್ದು ನನಗೆ ಈಗಲೂ ಹಸಿವಿನ ಹೊತ್ತಿಗೆ ಕೇಳಿಸುತ್ತದೆ.

ಈಗ ಬಯಲೆಲ್ಲ ತೆಂಗು, ಅದಕ್ಕೆ ಬೋರ್‌ವೆಲ್ಲಿನ ನೀರು. ಅಣೆಕಟ್ಟೆಯ ಚಾನೆಲ್ಲಿನ ನೀರು ಬಿಟ್ಟಾಗ ಕೆರೆ ತುಂಬುತ್ತದೆ, ಆದರೆ ತೂಬನ್ನು ಎತ್ತುವವರಿಲ್ಲ. ನೀರುಗಂಟಿ ಎಂಬ ಪದವೇ ಊರಲ್ಲಿ ಕೇಳಿಬರುವುದಿಲ್ಲ. ತೂಬಿನ ಕಲ್ಲಿನ ಮೇಲೆ ಕೂತು ಎಡಕ್ಕೆ ನೋಡಿದೆ, ಕೋಡಿ. ಎದುರಿಗೆ ತೆಳ್ಳಗಾಗುತ್ತ ಹೋಗುವ ನೀರು. ನಾನು ಹಲಗೆಯ ಮೇಲೆ ಮಾಡಿದ್ದು ಬೇರೆ ಯಾವ ಕೆರೆಯೂ ಆಗಿರಲಿಲ್ಲ. ಇದೇ, ಕೋಡಿಯ ಹತ್ತಿರ ಏರಿ ಒಂಚೂರು ಸೊಟ್ಟಗಾಗುವುದೂ ಸೇರಿ. ಅಪ್ಪ ಸತ್ತು ಎಷ್ಟೋ ವರ್ಷವಾದರೂ ಬರದಿದ್ದ ಅಳು ಆವತ್ತು ಬಂತು. ಚೆನ್ನಾಗಿ ಅತ್ತೆ. ಆಮೇಲೆ ಎದ್ದು, ಕೆರೆಯಂಗಳದ ಒಣಗಿದ ಗೋಡುಮಣ್ಣನ್ನು ಒಂದು ಚೀಲ ತುಂಬಿಕೊಂಡು ಬಸ್ಸು ಹತ್ತಿದೆ. ಏಕೆ ತುಂಬಿಕೊಂಡೆ ಎಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಸೋಮವಾರ ಮೇಡಂ ಮುಂದೆ ನಿಂತು, “ತಪ್ಪಾಯ್ತಮ್ಮ. ಅದು ನಮ್ಮೂರ ಕೆರೆ,” ಎಂದೆ. ಅಪ್ಪನ ವಿಷಯ, ತೂಬಿನ ವಿಷಯ ಎಲ್ಲ ಹೇಳಿಕೊಂಡೆ. ಅವರು ನಗಲಿಲ್ಲ.

“ನಾನೂ ಜಾಸ್ತಿ ನಕ್ಕುಬಿಟ್ಟೆ ಸಾರ್. ಈಗ ಏನ್ ಮಾಡನ? ಇನ್ನು ಒಂಬತ್ತೇ ದಿನ.”

“ಕಟ್ಟೋ ಕೆಲಸ ಬಿಟ್ಟುಬಿಡನ,” ಎಂದೆ. ಬಸ್ಸಿನಲ್ಲಿ ಕೂತು ಅಷ್ಟನ್ನು ನಿಶ್ಚಯ ಮಾಡಿದ್ದೆ. ಮುದ್ದೆ ಕೈಗೆ ಸಿಕ್ಕರೆ ನಾನು ಮತ್ತೆ ಏರಿಯನ್ನೇ ಹಾಕುತ್ತೇನೆ. ಹಾಗಾಗಿ ನಾನು ಕಟ್ಟಲಾಗದ ಸಾಮಾನಿನಿಂದಲೇ ಮಾಡಬೇಕು.

ಕರಟ ತಂದೆ. ತಿಪಟೂರಿನಲ್ಲಿ ಕರಟಕ್ಕೇನು ಬರ. ಹೊಸ ಹಲಗೆಗೆ ಗುಂಡಗೆ ತೂತು ಕೊರೆದು, ಹೋಳು ಕರಟವನ್ನು ಬಾಯಿ ಮೇಲಾಗಿ ಅದರೊಳಗೆ ಕೂರಿಸಿದೆ. ಸುತ್ತ ಒಂದೇ ಎತ್ತರ, ನಟ್ಟನಡುವೆ ಆಳ, ಒಳಗೆ ಉಜ್ಜಿ ನುಣುಪು ಮಾಡಿದ ಮೈ. ಅಪೊಯೊ ಸಿದ್ಧವಾಯಿತು. ಒಮೆತೆಪೆಗೆ ಎರಡು ಕರಟ ಬೋರಲು ಹಾಕಿ, ಒಂದರ ನೆತ್ತಿ ಕೊರೆದು ಮೇಣ ತುಂಬಿದೆ. ಬಯಲಿಗೆ ನಾರಿನ ಚಾಪೆ. ಎರಡು ದಿನದಲ್ಲಿ ಮುಗಿಯಿತು. ಮೇಡಂ ಬೆರಳು ಕರಟದ ಅಂಚಿನ ಮೇಲೆ ಸುತ್ತಿ ಸುತ್ತಿ, “ಏರಿ ಇಲ್ಲ,” ಎಂದವು.

ಆದರೆ ಅವರಿಗೆ ಅಷ್ಟು ಸಾಲದು. “ಇದು ಆದ ಮೇಲಿನದು ಸಾರ್. ಆಗೋದನ್ನ ತೋರಿಸ್ಬೇಕು. ಕುಸಿಯೋದು ಮಕ್ಕಳ ಕೈಗೆ ಗೊತ್ತಾಗ್ಬೇಕು.”

ಫುಟ್‌ಬಾಲಿನ ಒಳಗಿನ ಬ್ಲ್ಯಾಡರ್ ತೆಗೆದು, ಅದಕ್ಕೆ ರಬ್ಬರ್ ನಳಿಗೆ ಸಿಕ್ಕಿಸಿ, ಅಗಲದ ಬೇಸಿನ್ನಿನಲ್ಲಿಟ್ಟು ಗಾಳಿ ತುಂಬಿದೆ. ಅದರ ಮೇಲೆ ಬೆಟ್ಟ ಮಾಡಬೇಕು, ಗಾಳಿ ಬಿಟ್ಟಾಗ ಬೆಟ್ಟ ಕುಸಿಯಬೇಕು. ಮೊದಲು ನಾರಿನ ಹೊಟ್ಟು ಹಾಕಿದೆವು. ಅದು ಸ್ಪಂಜಿನ ಹಾಗೆ ಹಿಗ್ಗಿಕೊಂಡೇ ಇತ್ತು, ಬೀಳಲೇ ಇಲ್ಲ. ಮರಳು ಹಾಕಿದೆವು. ಭಾರಕ್ಕೆ ಬ್ಲ್ಯಾಡರ್ ಪಕ್ಕಕ್ಕೆ ಜಾರಿಕೊಂಡು ಬೇಸಿನ್ನಿನಿಂದ ಹೊರಗೆ ಇಣುಕಿತು. ಬರೀ ಬೂದಿ ಹಾಕಿದೆವು. ಇಬ್ಬರೂ ಸೀನಿ ಸೀನಿ ಸುಸ್ತಾದೆವು. ಕೈ ಚೆಲ್ಲಿ ಕೂತಾಗ ಮೂಲೆಯ ಚೀಲ ಕಣ್ಣಿಗೆ ಬಿತ್ತು. ಗೋಡುಮಣ್ಣನ್ನು ಪುಡಿ ಮಾಡಿ, ರಾಗಿ ಜರಡಿಯಲ್ಲಿ ಸೋಸಿ, ಮೂರರಲ್ಲಿ ಒಂದು ಪಾಲು ಬೂದಿ ಬೆರೆಸಿ ಮೆಲ್ಲಗೆ ಬೆಟ್ಟ ಮಾಡಿದೆ. ಮೇಡಂ ಎರಡೂ ಅಂಗೈ ಅದರ ಮೇಲಿಟ್ಟರು. ನಾನು ನಳಿಗೆಯ ಕ್ಲಿಪ್ಪು ತೆಗೆದೆ.

ಬೆಟ್ಟ ಅವರ ಅಂಗೈ ಕೆಳಗೇ ಒಳಗಿಳಿಯಿತು. ಗುಂಡಗೆ, ಅಂಚು ಉಳಿಸಿಕೊಂಡು.

ಅವರು ಕೈ ಎತ್ತಲಿಲ್ಲ. “ಇನ್ನೊಂದ್ ಸಲ ಸಾರ್,” ಎಂದರು. ಆವತ್ತು ಎಂಟು ಸಲ ಬೆಟ್ಟ ಮಾಡಿದೆ, ಎಂಟು ಸಲವೂ ಕುಸಿಯಿತು. ಇಷ್ಟು ಖುಷಿಯಾಗಿ ನಾನು ಯಾವ ಕೆಲಸವನ್ನೂ ಹಾಳು ಮಾಡಿಲ್ಲ.

ಮಾದರಿ ಪಾಠದ ದಿನ ಬೆಳಿಗ್ಗೆಯೇ ಬೆಟ್ಟ ಸಿದ್ಧ ಮಾಡಿ, ಮೇಲೆ ಬಟ್ಟೆ ಮುಚ್ಚಿ ಕ್ಲಾಸಿನಲ್ಲಿಟ್ಟೆ. ಹನ್ನೊಂದು ಗಂಟೆಗೆ ಮಕ್ಕಳು ಬಂದರು. ಹಿಂದಿನ ಬೆಂಚಿನಲ್ಲಿ ಹೆಡ್ಮಿಸ್ಟ್ರೆಸ್, ಹೊರಗಿನಿಂದ ಬಂದ ವಿಷಯ ಪರಿವೀಕ್ಷಕಿ, ಕಾರ್ಯದರ್ಶಿ. ನಾನು ಕಿಟಕಿಯ ಹೊರಗೆ. ಮೇಡಂ ಕರಟದ ನಕ್ಷೆಯನ್ನು ಬೆಂಚಿನಿಂದ ಬೆಂಚಿಗೆ ಕಳಿಸಿ, ಕೊಸಿಬೋಲ್ಕ, ಒಮೆತೆಪೆ ಎಲ್ಲ ಹೇಳಿ, “ಈಗ ಅಪೊಯೊ ಹೇಗಾಯ್ತು ನೋಡೋಣ” ಎಂದು ಬಟ್ಟೆ ತೆಗೆದರು.

ಬೆಟ್ಟ ಆಗಲೇ ಕುಸಿದುಹೋಗಿತ್ತು. ಹಾಳು ಬ್ಲ್ಯಾಡರ್ ಒಳಗೊಳಗೇ ಸೋರಿ, ಬೇಸಿನ್ನಿನಲ್ಲಿ ಗುಂಡಿ ಮಾತ್ರ ಉಳಿದಿತ್ತು. ಮೇಡಂಗೆ ಇನ್ನೂ ಗೊತ್ತಿಲ್ಲ. ಮಕ್ಕಳು ಕಿಸಕ್ಕೆಂದವು. ಕಾರ್ಯದರ್ಶಿ ಪರಿವೀಕ್ಷಕಿಯ ಕಡೆ ಬಾಗಿ ಏನೋ ಅಂದರು. ನನಗೆ ಕಿಟಕಿಯಿಂದಲೇ ಒಳಕ್ಕೆ ಧುಮುಕೋಣ ಅನ್ನಿಸಿತು. ಸರಳಿತ್ತು, ಕಾರ್ಯದರ್ಶಿ ಬದುಕಿಕೊಂಡರು.

ಮೇಡಂ ಕೈ ಇಟ್ಟರು. ಅಂಗೈ ಗುಂಡಿಯೊಳಗೆ ಇಳಿಯಿತು. ಬೆರಳು ಅಂಚನ್ನು ಒಂದು ಸುತ್ತು ಬಳಸಿ ಬಂದವು.

“ನೋಡಿದ್ರಾ?” ಎಂದರು ಆಮೇಲೆ, ಮಕ್ಕಳಿಗೆ. “ಜ್ವಾಲಾಮುಖಿ ಮಿಸ್ ಹತ್ರ ಪರ್ಮಿಷನ್ ಕೇಳಿ ಕುಸಿಯಲ್ಲ. ಅಲ್ಲೂ ಹಿಂಗೇ ಆಗಿದ್ದು.” ಕ್ಲಾಸು ಗೊಳ್ಳೆಂದಿತು. ಅಷ್ಟರಲ್ಲಿ ಅವರು ಮೇಜಿನ ಕೆಳಗಿನ ಚೀಲಕ್ಕೆ ಕೈ ಹಾಕಿ ಒಂದು ತೆಂಗಿನಕಾಯಿ ತೆಗೆದರು. ಸಿಪ್ಪೆ ಸಮೇತದ್ದು, ವರ್ಷ ಪೂರ್ತಿ ಅಟ್ಟದ ಮೇಲಿದ್ದದ್ದು. ಕಾಯಿ ತಂದಿರುವುದನ್ನು ನನಗೂ ಹೇಳಿರಲಿಲ್ಲ. ಹಿಂದಿನ ಬೆಂಚಿನವರೆಗೂ ನಡೆದು, ಕಾಯನ್ನು ಮುಂದೆ ಚಾಚಿದರು.

“ಕಾರ್ಯದರ್ಶಿ ಸಾರ್, ಇದರೊಳಗೆ ಏನಿದೆ ಅಂತ ಮಕ್ಕಳಿಗೆ ಹೇಳ್ತೀರಾ?”

ಕಾಯಿ ಕೈಗೆ ಬಂದದ್ದೇ ತಡ, ಕಾರ್ಯದರ್ಶಿ ಮಂಡಿಯಲ್ಲಿ ಕೂತ ಮನುಷ್ಯರಾದರು. ಕಿವಿಯ ಹತ್ತಿರ ಹಿಡಿದು ಎರಡು ಸಲ ಕುಲುಕಿದರು. ಲೊಟಕ್ ಲೊಟಕ್ ಎಂದಿತು. “ಗಿಟುಕು. ಉಂಡೆ ಕೊಬ್ರಿ ಆಗಿ ಚಿಪ್ಪು ಬಿಟ್ಕಂಡೈತೆ. ಒಂದ್ ಚೂರೂ ಒಡಕಿಲ್ಲ, ಒಳ್ಳೇ ಮಾಲು.”

“ಮೊದಲು ಒಳಗೆ ಏನಿತ್ತು ಸಾರ್?”

“ನೀರಿತ್ತು.”

“ಈಗ?”

“ಇಂಗೋಯ್ತು. ಟೊಳ್ಳು.”

“ಹಿಂಗೇ ಮಕ್ಕಳೇ. ಒಳಗಿದ್ದದ್ದು ಖಾಲಿಯಾಯ್ತು, ಟೊಳ್ಳು ಉಳೀತು. ಕಾಯಿಗೆ ಗಟ್ಟಿ ಚಿಪ್ಪಿದೆ, ನಿಂತ್ಕೊಳ್ತು. ಬೆಟ್ಟಕ್ಕೆ ಇರ್ಲಿಲ್ಲ, ಕುಸೀತು.”

ಪರಿವೀಕ್ಷಕಿ ನಮ್ಮ ಕಡೆಯವರಲ್ಲ. ಬೆರಗಾಗಿ ಕಾರ್ಯದರ್ಶಿಯನ್ನು ಕೇಳಿದರು: “ಅಲ್ಲ ಸರ್, ಒಡೆದು ನೋಡದೆ ಅದು ಹೇಗೆ ಹೇಳಿದಿರಿ?”

“ನೋಡೋದೇನೈತ್ರೀ ಇದ್ರಲ್ಲಿ? ನಲವತ್ತು ವರ್ಷ ಆಯ್ತು, ಕಣ್ಮುಚ್ಕಂಡ್ ಹೇಳ್ತೀನಿ...”

ಮಾತು ಅಲ್ಲೇ ನಿಂತಿತು. ಕಾಯಿ ಇನ್ನೂ ಕಿವಿಯ ಹತ್ತಿರವೇ ಇತ್ತು. ತಾನು ಅಂದದ್ದು ತನಗೇ ಕೇಳಿಸಿತು ಎಂದು ಅವರ ಮುಖದಲ್ಲಿ ಕಂಡಿತು. ಮೇಡಂ ತಿರುಗಿ ಬೋರ್ಡಿನ ಕಡೆ ನಡೆದು ಪಾಠ ಮುಂದುವರಿಸಿದರು. ಕಾರ್ಯದರ್ಶಿ ಪಾಠ ಮುಗಿಯುವವರೆಗೂ ಕಾಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು.

ಹೊರಗೆ ಬಂದವರು ನನ್ನ ಹತ್ತಿರ ನಿಂತು, ಚಪ್ಪಲಿ ಹುಡುಕುವವರ ಹಾಗೆ ನೆಲ ನೋಡುತ್ತ, “ಮೇಷ್ಟ್ರೇ, ಆ ಸಂಗೀತದ ಮಾತು ಬುಡಿ, ಎತ್ತಬ್ಯಾಡಿ,” ಎಂದರು. ವಾರದೊಳಗೆ ಆದೇಶ ಬಂತು. ಅದನ್ನೂ ನಾನೇ ಓದಿದೆ. ಭೂಗೋಳ, ಕಾಯಂ. ಮೇಡಂ ಇನ್ನೊಂದು ಸಲ ಓದಿಸಿದರು.

ನಾನು ನಿವೃತ್ತನಾಗಿ ಈಗ ಮನೆಯಲ್ಲಿದ್ದೇನೆ. ಹೋದ ತಿಂಗಳು ಮೇಡಂ ಫೋನ್ ಮಾಡಿ, “ಸಾರ್, ಒಂದ್ಸಲ ನನ್ನ ಕ್ಲಾಸಿಗೆ ಬನ್ನಿ” ಎಂದರು. ಹೋದೆ. ಅದೇ ರೂಮು, ಅದೇ ಕಿಟಕಿ, ಹಿಂದಿನ ಕೊಬ್ಬರಿ ಗೋಡೌನಿನ ಅದೇ ವಾಸನೆ. ಮೇಜಿನ ಮೇಲೆ ಎರಡು ಹಲಗೆ. ಒಂದು ಕರಟದ್ದು. ಇನ್ನೊಂದನ್ನು ನೋಡಿ ನಾನು ದಂಗಾದೆ. ನಾನು ಕಸಕ್ಕೆ ಹಾಕಲು ಜವಾನನಿಗೆ ಹೇಳಿದ್ದ, ಏರಿ ಇದ್ದ ಅಪೊಯೊ.

“ಎಸೀಲಿಲ್ವಾ ಇದನ್ನ?”

“ಎಸೆಯೋದಾ? ಮೊದಲು ಇದನ್ನೇ ಕೊಡೋದು ಸಾರ್. ಕಣ್ಮುಚ್ಚಿ ಏರಿ ಹುಡುಕ್ರೋ ಅಂತೀನಿ. ತಕ್ಷಣ ಹುಡುಕ್ತಾರೆ. ಆಮೇಲೆ ಕರಟದ್ದು ಕೊಟ್ಟು ಏರಿ ಹುಡುಕ್ರೋ ಅಂತೀನಿ. ಹುಡುಕಿ ಹುಡುಕಿ ಸಾಕಾಗಿ ‘ಇಲ್ಲಾ ಮಿಸ್’ ಅಂತಾರಲ್ಲ, ಪಾಠ ಅಲ್ಲಿಂದ ಶುರು. ನೀವೂ ಒಂದ್ಸಲ ಹುಡುಕಿ. ಕಣ್ಮುಚ್ಚಬೇಕು, ಮೋಸ ಇಲ್ಲ.”

ಕಣ್ಣು ಮುಚ್ಚಿ ಕೈ ಇಟ್ಟೆ. ಕೋಡಿ ಸಿಕ್ಕಿತು. ಅಲ್ಲಿಂದ ಏರಿಯ ಮೇಲೆ ಬೆರಳು ನಡೆಸುತ್ತ ಬಂದೆ. ಸೊಟ್ಟ ದಾಟಿ, ನಡುಮಧ್ಯಕ್ಕೆ, ತೂಬಿನವರೆಗೆ. ತೂಬಿನ ಪಕ್ಕ ಬೆರಳಿಗೆ ಏನೋ ತಾಗಿತು. ನಾನು ಮಾಡಿದ್ದಲ್ಲ. ತೆಂಗಿನ ಗರಿಯ ಕಡ್ಡಿಯ ಒಂದು ತುಂಡು, ನೆಟ್ಟಗೆ ನಿಲ್ಲಿಸಿ ಅಂಟಿಸಿದ್ದು. ಅದಕ್ಕೆ ಅಡ್ಡಲಾಗಿ ಹೆಗಲ ಮೇಲಿಟ್ಟ ಹಾಗೆ ಇನ್ನೊಂದು ಚಿಕ್ಕ ಕಡ್ಡಿ.

“ಇದು ಯಾರಮ್ಮ?” ಎಂದೆ. ಗೊತ್ತಾಗಿತ್ತು, ಆದರೂ ಕೇಳಿದೆ.

“ನೀರುಗಂಟಿ ಸಾರ್. ನೀವೇ ಹೇಳಿದ್ರಲ್ಲ, ಅಲ್ಲೇ ನಿಂತ್ಕತಿದ್ರು ಅಂತ.”

ಮಕ್ಕಳು ಊಟದ ಬೆಲ್ಲಿಗೆ ಎದ್ದು ಓಡುತ್ತಿದ್ದ ಸದ್ದು ಕೇಳಿಸುತ್ತಿತ್ತು. ನಾನು ಕಣ್ಣು ಬಿಡಲಿಲ್ಲ. ಬೆರಳನ್ನು ಅಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ.